ಹುಣಸೂರಿನ ಗೊಬ್ಬರ, ಬಾಳೆಲೆಯ ತೋಟ

ಮೊನ್ನೆ ದಕ್ಷಿಣ ಕೊಡಗಿನ ಬಾಳೆಲೆ ಊರಿನ ನಮ್ಮ ಕಾಫಿ ತೋಟಕ್ಕೆ ಗೊಬ್ಬರದ ಲಾರಿ ಬಂತು. ಹತ್ತು ಟನ್ ಕೊಟ್ಟಿಗೆ ಗೊಬ್ಬರ, ಹುಣಸೂರಿನ ಆಚೆಯ ಒಂದು ಹಳ್ಳಿಯಿಂದ. ಮಾರಿದ ರೈತರೂ ಲಾರಿಯಲ್ಲೇ ಬಂದಿದ್ದರು. ಆಳುಗಳು ಇಳಿಸುತ್ತಿದ್ದಾಗ ಅವರಿಗೆ ಕಾಫಿ ಕೊಟ್ಟು ಮಾತಿಗೆ ಕುಳಿತೆ. ನಿಮ್ಮ ಹೊಲಕ್ಕೆ ಏನು ಹಾಕುತ್ತೀರಿ ಎಂದು ಕೇಳಿದೆ. "ನಮ್ಮ ಹೊಲಕ್ಕೇ ಸಾಲುವುದಿಲ್ಲ ಸಾರ್. ಮಗಳ ಫೀಸು ಕಟ್ಟಬೇಕಿತ್ತು, ಅದಕ್ಕೇ ಮಾರಿದೆ. ಹೊಲಕ್ಕೆ ಈ ವರ್ಷ ಯೂರಿಯಾ ಒಂದೇ" ಎಂದರು. ಅವರು ಹೋದ ಮೇಲೂ ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಈ ಬರಹ ಅದರಿಂದಲೇ ಹುಟ್ಟಿದ್ದು.

ದಕ್ಷಿಣ ಕೊಡಗಿನವರಿಗೆ ಈ ಲಾರಿಗಳು ಹೊಸತಲ್ಲ. ಕಾಫಿ ಕೊಯ್ಲು ಮುಗಿದು ಮಳೆ ಹಿಡಿಯುವವರೆಗೆ ಆನೆಚೌಕೂರು ಗೇಟು ದಾಟಿ, ತಿತಿಮತಿಯ ಮೇಲೆ ಬರುತ್ತಲೇ ಇರುತ್ತವೆ. ಕೆಲವದರಲ್ಲಿ ಗೊಬ್ಬರ, ಕೆಲವದರಲ್ಲಿ ಒಣಹುಲ್ಲು. ನಮ್ಮ ಮನೆಯ ಎರಡು ಹಸುಗಳು ತಿನ್ನುವ ಹುಲ್ಲೂ ಬಯಲುಸೀಮೆಯದೇ. ಹಿಂಡಿ, ಬೂಸಾ, ಪಶು ಆಹಾರದ ಮೂಟೆ ಇನ್ನೂ ದೂರದ್ದು. ಅಂದರೆ ನಮ್ಮ ಕೊಟ್ಟಿಗೆಯಲ್ಲಿ ಕರೆಯುವ ಹಾಲಿನಲ್ಲಿ ಕೊಡಗಿನದು ಎನ್ನಲು ನೀರು ಮತ್ತು ಒಂದಿಷ್ಟು ಹಸಿಹುಲ್ಲು ಮಾತ್ರ.

ಇದರಿಂದ ಪರಿಸರಕ್ಕೆ ಆಗುವ ನಷ್ಟ ಎಂದರೆ ಎಲ್ಲರೂ ಮೊದಲು ಡೀಸೆಲ್ ಹೊಗೆಯನ್ನು ತೋರಿಸುತ್ತಾರೆ. ನಾನೂ ಲೆಕ್ಕ ಹಾಕಿ ನೋಡಿದೆ. ಲಾರಿ ಹೋಗಿ ಬರುವ ದಾರಿ ನೂರು ಕಿಲೋಮೀಟರ್ ದಾಟುತ್ತದೆ. ಲೀಟರಿಗೆ ನಾಲ್ಕು ಕಿಲೋಮೀಟರ್ ಎಂದರೂ 25 ಲೀಟರಿಗೆ ಕಡಿಮೆ ಇಲ್ಲ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಒಟ್ಟು 70 ಕಿಲೋದ ಆಸುಪಾಸು. ಅದೇ ಒಂದು ಮಿಶ್ರತಳಿ ಹಸು ಮೆಲುಕು ಹಾಕುತ್ತ ವರ್ಷಕ್ಕೆ 50 ಕಿಲೋಗೂ ಮೀರಿ ಮೀಥೇನ್ ಬಿಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನಿನ ಬಿಸಿಯೇರಿಸುವ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು. ಒಂದು ಹಸುವಿನ ತೇಗು ಇಪ್ಪತ್ತು ಲಾರಿ ಓಡಾಟಕ್ಕೆ ಸಮ ಎಂದಾಯಿತು. ಹೊಗೆಯನ್ನು ಕಡೆಗಣಿಸಿ ಎನ್ನುತ್ತಿಲ್ಲ. ಕಾಡಿನ ನಡುವಿನ ಆ ರಸ್ತೆಯಲ್ಲಿ ಆನೆ, ಕಾಟಿ, ಜಿಂಕೆ ದಾಟುತ್ತವೆ. ಅಲ್ಲಿ ಒಂದು ಲಾರಿ ಕಡಿಮೆಯಾದರೂ ಒಳ್ಳೆಯದೇ. ಆದರೆ ನನ್ನನ್ನು ಕಾಡುವುದು ಲಾರಿಯ ಹೊಟ್ಟೆಯಲ್ಲಿ ಏನು ಸಾಗುತ್ತಿದೆ ಎಂಬುದು.

ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇಕಡಾ ಅರ್ಧದಷ್ಟು. ಹತ್ತು ಟನ್ನಿನಲ್ಲಿ 50 ಕಿಲೋ. ಎರಡೂವರೆ ಚೀಲ ಯೂರಿಯಾದಲ್ಲಿ ಇರುವಷ್ಟು. ಉಳಿದದ್ದರಲ್ಲಿ ಬಹುಪಾಲು ನೀರು. ಹಸಿ ಸಗಣಿಯಲ್ಲಂತೂ ನೂರಕ್ಕೆ ಎಂಬತ್ತು ಪಾಲು ನೀರೇ. ಮಳೆನಾಡಿಗೆ ನಾವು ದುಡ್ಡು ಕೊಟ್ಟು ಬಯಲುಸೀಮೆಯಿಂದ ನೀರು ಹೊರಿಸುತ್ತಿದ್ದೇವೆ. ಆ ನೀರಿನ ಜೊತೆ ಬರುವ ಸಾವಯವ ಅಂಶವೇ ಗೊಬ್ಬರದ ನಿಜವಾದ ಬೆಲೆ. ಮಣ್ಣು ತೇವ ಹಿಡಿಯುವುದು, ಎರೆಹುಳು ಬದುಕುವುದು ಅದರಿಂದ. ಹೊಗೆಸೊಪ್ಪು, ಜೋಳ ಬೆಳೆದು ಬಳಲಿದ ಹುಣಸೂರು, ಪಿರಿಯಾಪಟ್ಟಣದ ಹೊಲಗಳಿಗೆ ಅದು ನಮಗಿಂತ ಹೆಚ್ಚು ಬೇಕು. ಎಲೆ ಉದುರಿಸುವ ಮರಗಳ ನೆರಳಿನಲ್ಲಿರುವ ನಮ್ಮ ತೋಟಕ್ಕೆ ಅದನ್ನು ಕಿತ್ತು ತರುತ್ತಿದ್ದೇವೆ.

ತಂದದ್ದನ್ನಾದರೂ ಜೋಪಾನ ಮಾಡುತ್ತೇವೆಯೇ? ಎರಡು ವರ್ಷದ ಹಿಂದೆ ನಾನೇ ಮಾಡಿದ ತಪ್ಪು ಹೇಳುತ್ತೇನೆ. ಆಳು ಸಿಗಲಿಲ್ಲವೆಂದು ಗೊಬ್ಬರದ ರಾಶಿಯನ್ನು ತೋಡಿನ ಮೇಲ್ಬದಿಯಲ್ಲೇ ಬಿಟ್ಟಿದ್ದೆ. ಜೂನಿನ ಮೊದಲ ದೊಡ್ಡ ಮಳೆಗೆ ಕಾಲು ಭಾಗ ಕೊಚ್ಚಿ ಹೋಯಿತು. ತೋಡಿನ ನೀರು ವಾರಗಟ್ಟಲೆ ಕಪ್ಪು ಚಹಾದಂತಿತ್ತು, ಏಡಿ ಕಾಣಲಿಲ್ಲ. ಆ ತೋಡು ಲಕ್ಷ್ಮಣತೀರ್ಥಕ್ಕೆ ಸೇರುತ್ತದೆ. ಲಕ್ಷ್ಮಣತೀರ್ಥ ಹುಣಸೂರಿನ ಮೂಲಕವೇ ಹರಿದು ಕಾವೇರಿಗೆ ಸೇರುತ್ತದೆ. ಹೊಲಕ್ಕೆ ಸೇರಬೇಕಿದ್ದ ಸಾರವನ್ನು ಆ ರೈತರ ಊರಿಗೆ ಕೊಳೆನೀರಾಗಿ ಹಿಂತಿರುಗಿಸಿದೆ.

ಗೊಬ್ಬರದೊಂದಿಗೆ ಪಾರ್ಥೇನಿಯಂ ಬೀಜವೂ ಬಂದಿದೆ. ಅಜ್ಜನ ಕಾಲದಲ್ಲಿ ನಮ್ಮ ಕಡೆ ಯಾರೂ ಕಾಣದ ಆ ಗಿಡ ಈಗ ಗೊಬ್ಬರ ಇಳಿಸುವ ಕಡೆಯಲ್ಲೆಲ್ಲ ಹುಟ್ಟುತ್ತದೆ. ಕಿತ್ತು ಕಿತ್ತು ಕೈ ತುರಿಸಿಕೊಂಡಿದ್ದೇನೆ.

ಹಿರಿಯರು ಇದನ್ನೆಲ್ಲ ಊರೊಳಗೇ ಹೊಂದಿಸಿದ್ದರು. ಕೊಡಗಿನಲ್ಲಿ ಗದ್ದೆಗೆ ಬಾಣೆ, ಅಂದರೆ ಪಕ್ಕದ ಮರಗಾಡಿನ ಜಾಗ, ಸೇರಿಸಿ ಕೊಟ್ಟದ್ದೇ ದನ ಮೇಯಲು, ಸೊಪ್ಪು ಮತ್ತು ಸೌದೆಗೆ. ಗದ್ದೆಯ ಹುಲ್ಲು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಗದ್ದೆಗೆ. ಅಜ್ಜನ ಕೊಟ್ಟಿಗೆಯಲ್ಲಿ ಹದಿನಾಲ್ಕು ಮಲೆನಾಡು ಗಿಡ್ಡ ದನಗಳಿದ್ದವು. ಹಾಲು ಲೀಟರಿನ ಲೆಕ್ಕಕ್ಕೆ ಬರುತ್ತಿರಲಿಲ್ಲ, ಸಾಕಿದ್ದೇ ಗೊಬ್ಬರಕ್ಕಾಗಿ. ರಾಜ್ಯದ ಮೊದಲ ಡೈರಿ 1955ರಲ್ಲಿ ಆರಂಭವಾದದ್ದೂ ನಮ್ಮ ಕೂಡಿಗೆಯಲ್ಲೇ. ಆಮೇಲೆ ಬಾಣೆಯ ತುಂಬ ಕಾಫಿ ಬಂತು, ಗದ್ದೆ ಪಾಳು ಬಿತ್ತು ಅಥವಾ ಶುಂಠಿಗೆ ಹೋಯಿತು, ದನ ಹೋದವು. ದನ ಬೇಡವೆಂದ ನಾವು ಗೊಬ್ಬರ ಮಾತ್ರ ಬೇಕೆಂದೆವು. ನನ್ನ ಮಟ್ಟಿಗೆ ಎಲ್ಲ ತೊಂದರೆಯ ಬೇರು ಇಲ್ಲಿದೆ.

ಹದಿನಾಲ್ಕು ದನ ಮತ್ತೆ ಕಟ್ಟಲು ನನ್ನಿಂದಾಗದು, ಆಳಿಲ್ಲ. ಆದರೆ ಮೂರು ಹಸುಗಳಿದ್ದರೆ ಒಂದು ಸಣ್ಣ ಗೋಬರ್ ಗ್ಯಾಸ್ ನಡೆಯುತ್ತದೆ, ಗ್ಯಾಸ್ ಬಿಟ್ಟ ಮೇಲೆ ಉಳಿಯುವ ಸಗಣಿ ಬಗ್ಗಡ (ಸ್ಲರಿ) ನೇರ ಗಿಡದ ಬುಡಕ್ಕೆ ಹೋಗುತ್ತದೆ. ಪಾಳುಬಿದ್ದ ಗದ್ದೆಯ ಅಂಚಿನಲ್ಲಿ ನೇಪಿಯರ್ ಹುಲ್ಲು ಸೊಗಸಾಗಿ ಬರುತ್ತದೆ. ಸಿಲ್ವರ್ ಓಕ್ ಬಂದ ಮೇಲೆ ನಾವು ಮರೆತ ನೆರಳಿನ ಮರ ಹಾಲುವಾಣವನ್ನೂ ನೆನಪಿಸುತ್ತೇನೆ. ಅದರ ಸೊಪ್ಪನ್ನು ದನ ಆಸೆಯಿಂದ ತಿನ್ನುತ್ತವೆ, ಬೇರು ಮಣ್ಣಿಗೆ ಸಾರಜನಕ ಕೂಡಿಸುತ್ತದೆ, ಮೆಣಸಿನ ಬಳ್ಳಿ ಹಬ್ಬುತ್ತದೆ. ಒಣಹುಲ್ಲು ತರಿಸುವುದೇ ಆದರೆ ಯೂರಿಯಾ ನೀರು ಚಿಮುಕಿಸಿ ಮೂರು ವಾರ ಗಾಳಿಯಾಡದಂತೆ ಮುಚ್ಚಿಟ್ಟು ತಿನ್ನಿಸಿ. ನೂರು ಕಿಲೋ ಹುಲ್ಲಿಗೆ ನಾಲ್ಕು ಕಿಲೋ ಯೂರಿಯಾ, ಅದಕ್ಕಿಂತ ಹೆಚ್ಚು ಬೇಡ. ಅದೇ ಹುಲ್ಲಿನಿಂದ ಹಸುವಿಗೆ ಹೆಚ್ಚು ಸತ್ವ ಸಿಗುತ್ತದೆ, ಹಿಂಡಿಯ ಮೂಟೆ ಸ್ವಲ್ಪ ಕಡಿಮೆಯಾಗುತ್ತದೆ.

ಈ ವಾರ ತೋಡಿನಿಂದ ದೂರ, ತಗಡಿನ ಸೂರಿನ ಕೆಳಗೆ ಗೊಬ್ಬರವನ್ನು ಕಾಫಿ ಸಿಪ್ಪೆಯೊಂದಿಗೆ ಬೆರೆಸಿ ರಾಶಿ ಹಾಕಿದ್ದೇನೆ. ಒಳಗೆ 55 ಡಿಗ್ರಿ ದಾಟಿ ಕಾವು ಬಂದರೆ ಕಳೆಬೀಜ ಸಾಯುತ್ತದೆ. ಹಾಲುವಾಣದ ಮೂವತ್ತು ಕೊಂಬೆ ಕಡಿದಿಟ್ಟಿದ್ದೇನೆ, ಮಳೆಗೆ ಮುಂಚೆ ನೆಡಬೇಕು.

ನಿನ್ನೆ ಹುಣಸೂರಿನ ಆ ರೈತರಿಗೆ ಫೋನ್ ಮಾಡಿದೆ. ಮುಂದಿನ ವರ್ಷ ನಾಲ್ಕು ಲೋಡು ಬೇಡ, ಎರಡು ಸಾಕು, ಆದರೆ ಅಲ್ಲೇ ಚೆನ್ನಾಗಿ ಕೊಳೆಸಿ ನೀರು ಆರಿಸಿ ಕೊಡಿ, ಲೋಡಿಗೆ ದರ ಹೆಚ್ಚಿಸಿ ಕೊಡುತ್ತೇನೆ, ಉಳಿದದ್ದು ನಿಮ್ಮ ಹೊಲಕ್ಕಿರಲಿ ಎಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಮನೆಯಲ್ಲಿ ಕೇಳಿ ಹೇಳುತ್ತೇನೆ ಸಾರ್" ಎಂದರು. ಅವರ ಫೋನಿಗೆ ಕಾಯುತ್ತಿದ್ದೇನೆ.