‘ಸೆಟ್’ ನಂಬರ್ ಒನ್ ಅನ್ನೋದು ಹಳೆಯ ಲೆಕ್ಕ

‘ಇಂಗ್ಲಿಷಿನಲ್ಲಿ ಅತಿ ಜಾಸ್ತಿ ಅರ್ಥಗಳಿರುವ ಪದ ಸೆಟ್, ಒಟ್ಟು 430 ಅರ್ಥ’ ಎಂಬ ಪೋಸ್ಟ್ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತಲೇ ಇದೆ. ಇದು ಪೂರ್ತಿ ಸುಳ್ಳಲ್ಲ, ಆದರೆ ಹಳೆಯ ಮಾತು. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಎರಡನೇ ಆವೃತ್ತಿಯಲ್ಲಿ ಅತಿ ಉದ್ದದ ವಿವರಣೆ ಇದ್ದದ್ದು ‘ಸೆಟ್’ಗೇ. ಆಮೇಲೆ ನಿಘಂಟಿನವರು ಪದಗಳನ್ನು ಹೊಸದಾಗಿ ಪರಿಷ್ಕರಿಸುತ್ತಾ ಬಂದರು. 2011ರ ಹೊತ್ತಿಗೆ ‘ರನ್’ ಮುಂದೆ ಹೋಯಿತು. ಬರೀ ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥ!

ಓಡೋದಕ್ಕೆ ಇಷ್ಟೊಂದಾ ಅನ್ನಿಸುತ್ತೆ, ಅಲ್ವಾ? ಆದರೆ ನದಿ ಹರಿದರೂ ರನ್, ಮೂಗು ಸೋರಿದರೂ ರನ್. ಒಗೆದಾಗ ಬಟ್ಟೆ ಬಣ್ಣ ಬಿಟ್ಟರೆ ಅದೂ ರನ್. ಕಂಪನಿ ನಡೆಸಿದರೆ, ಯಂತ್ರ ಚಾಲೂ ಇದ್ದರೆ, ಪತ್ರಿಕೆ ಒಂದು ಸುದ್ದಿ ಹಾಕಿದರೆ ಎಲ್ಲಕ್ಕೂ ಅದೇ. ಚುನಾವಣೆಗೆ ಬ್ರಿಟಿಷರು ನಮ್ಮ ಹಾಗೆ ‘ನಿಲ್ಲುತ್ತಾರೆ’, ಅಮೆರಿಕನ್ನರು ಮಾತ್ರ ‘ಓಡುತ್ತಾರೆ’!

ಹಾಗಂತ 645 ಬೇರೆ ಬೇರೆ ಅರ್ಥ ಕಲಿಯಬೇಕು ಎಂದು ಗಾಬರಿಯಾಗಬೇಡಿ. ಈ ನಿಘಂಟು ಪದದ ಇತಿಹಾಸ ಹೇಳುವಂಥದ್ದು. ಈಗ ಯಾರೂ ಬಳಸದ ಅರ್ಥವನ್ನೂ ಅದು ತೆಗೆದುಹಾಕುವುದಿಲ್ಲ. ಸಣ್ಣ ವ್ಯತ್ಯಾಸಕ್ಕೂ ಬೇರೆ ನಂಬರು ಕೊಡುತ್ತದೆ. ‘ರನ್ ಔಟ್’, ‘ರನ್ ಇನ್‌ಟು’ ಥರದ ಜೋಡಿಗಳೂ ಇದರ ಪಾಲಿಗೇ ಬರುತ್ತವೆ. ದಿನಬಳಕೆಯ ಚಿಕ್ಕ ನಿಘಂಟಿನಲ್ಲಿ ಎರಡೂ ಪದಗಳಿಗೆ ಇದಕ್ಕಿಂತ ಎಷ್ಟೋ ಕಡಿಮೆ ಅರ್ಥ ಸಿಗುತ್ತವೆ. ಹಾಗಾಗಿ ಯಾವ ನಿಘಂಟು, ಯಾವ ಆವೃತ್ತಿ ಅಂತ ಹೇಳದೆ ಸುಮ್ನೆ ಒಂದು ಸಂಖ್ಯೆ ಹಂಚಿದರೆ ಅದರಿಂದ ಏನೂ ತಿಳಿಯುವುದಿಲ್ಲ.