ಲೆಕ್ಕಕ್ಕುಂಟು, ಆಟಕ್ಕಿಲ್ಲ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ‘ಟ್ರೇಡ್’ ಸುದ್ದಿಯ ಬಾಲದಲ್ಲಿ ಆ ಸಾಲು ಮತ್ತೆ ಕಾಣಿಸಿಕೊಂಡಿದೆ: ಬದಲಿಗೆ ಒಂದು ‘ಟಾಪ್-55 ಪ್ರೊಟೆಕ್ಟೆಡ್’ ಸೆಕೆಂಡ್ ರೌಂಡ್ ಪಿಕ್ ಕೊಡಲಾಗಿದೆ. ‘ಕೊಡು’ ಎಂಬ ಕ್ರಿಯಾಪದಕ್ಕೆ ಇಷ್ಟು ಅವಮಾನ ನಮ್ಮ ಚುನಾವಣಾ ಪ್ರಣಾಳಿಕೆಗಳಲ್ಲೂ ಆದದ್ದಿಲ್ಲ.

ಬ್ಯಾಸ್ಕೆಟ್‌ಬಾಲ್ ನೋಡುವವರಿಗೆ ಇದು ಗೊತ್ತಿದ್ದದ್ದೇ. ವರ್ಷಕ್ಕೊಮ್ಮೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಕಾರ್ಯಕ್ರಮ ಡ್ರಾಫ್ಟ್, ಅದರಲ್ಲಿ ಆರಿಸುವ ಒಂದು ಸರದಿ ಪಿಕ್. ಎರಡನೇ ಸುತ್ತು 31ಕ್ಕೆ ಶುರು, 60ಕ್ಕೆ ಮುಕ್ತಾಯ. ಕೊಟ್ಟ ಪಿಕ್ 31ರಿಂದ 55ರೊಳಗೆ ಬಿದ್ದರೆ ಕೊಟ್ಟವರೇ ಇಟ್ಟುಕೊಳ್ಳುತ್ತಾರೆ. 55 ದಾಟಿದರೆ ಮಾತ್ರ ಇಸಿದುಕೊಂಡವರಿಗೆ. ಸೋತವರಿಗೆ ಮೊದಲ ಸರದಿ, ಗೆದ್ದವರಿಗೆ ಕೊನೆಯದು; ಹಾಗಾಗಿ ದಾಟಬೇಕಾದರೆ ಕೊಟ್ಟ ತಂಡ ಆ ವರ್ಷ ಮೂವತ್ತು ತಂಡಗಳ ಪೈಕಿ ಮೊದಲ ಐದರೊಳಗೆ ಇರಬೇಕು. ಇಲ್ಲವೇ, ಸಾಲ ತಾನಾಗಿಯೇ ಮನ್ನಾ. ಅದೂ 60ರ ತನಕ ಪಿಕ್ ಇದ್ದರೆ ತಾನೇ? 2024ರಲ್ಲಿ ಎರಡು ಪಿಕ್ ದಂಡಕ್ಕೆ ಹೋಗಿ 58ಕ್ಕೇ ಎಲೆ ಎತ್ತಿದರು. ಅಂದರೆ ಟಾಪ್-55 ಹಿಡಿದುಕೊಂಡು ಕಾಯುವವನಿಗೆ ಉಳಿದದ್ದು ಮೂರು ಸೀಟು.

ನನಗೆ ಈ ವ್ಯವಹಾರ ಹಳೆಯ ಪರಿಚಯ. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಒಬ್ಬ ಕಂಡಕ್ಟರ್ ಇದ್ದರು. ಚಿಲ್ಲರೆ ಎಂಬ ವಸ್ತುವನ್ನು ಅವರ ಕೈಯಲ್ಲಿ ಯಾರೂ ಕಂಡವರಿಲ್ಲ. ಚೀಲ ಮಾತ್ರ ಝಣಝಣ ಅನ್ನುತ್ತಿತ್ತು. ಟಿಕೆಟ್ ಹರಿದು, ಅದರ ಬೆನ್ನಿಗೆ ‘3’ ಎಂದು ಬರೆದು, “ಇಳಿಯೋವಾಗ ಇಸ್ಕೊಳಪ್ಪ” ಅನ್ನುತ್ತಿದ್ದರು. ಇಳಿಯುವಾಗ ನಾನು ಮುಂದಿನ ಬಾಗಿಲಲ್ಲಿ, ಅವರು ಹಿಂದಿನ ಬಾಗಿಲಲ್ಲಿ, ನಡುವೆ ಅರವತ್ತು ಜನ ಮತ್ತು ಎರಡು ಮೂಟೆ ಈರುಳ್ಳಿ. ಶೀಟಿ ಮಾತ್ರ ಸಮಯಕ್ಕೆ ಸರಿಯಾಗಿ ಊದುತ್ತಿದ್ದರು. ಅಪರೂಪಕ್ಕೆ ಧರ್ಮಬುದ್ಧಿ ಬಂದರೆ, ಐದು ರೂಪಾಯಿ ಬರಬೇಕಾದ ನನಗೂ ಐದು ಬರಬೇಕಾದ ಪಕ್ಕದ ಅಜ್ಜನಿಗೂ ಸೇರಿಸಿ ಒಂದೇ ಹತ್ತರ ನೋಟು ಕೊಟ್ಟು, “ಇಬ್ಬರೂ ಹಂಚ್ಕೊಳ್ಳಿ” ಎಂದು ಮುಂದೆ ಸಾಗುತ್ತಿದ್ದರು. ಅಜ್ಜ ಇಳಿಯುವ ಸ್ಟಾಪು ನನ್ನದಲ್ಲ. ನೋಟು ಮುರಿಸಲು ಅಜ್ಜನ ಜೊತೆ ಬೀಡಿ ಅಂಗಡಿಗೆ ಹೋಗಿ, ಅಂಗಡಿಯವನೂ ಚಿಲ್ಲರೆ ಇಲ್ಲವೆಂದು ಎರಡು ಪೆಪ್ಪರಮಿಂಟು ಹಿಡಿಸಿ, ಮೊದಲ ಪೀರಿಯಡ್ ತಪ್ಪಿ... ಮೂರು ತಂಡಗಳ ಟ್ರೇಡ್ ಎಂದರೇನೆಂದು ನನಗೆ ಯಾವ ಪಂಡಿತನೂ ಬಿಡಿಸಿ ಹೇಳಬೇಕಾಗಿಲ್ಲ. ಟಾಪ್-55 ಎಂದರೆ ಟಿಕೆಟ್ ಬೆನ್ನಿನ ಆ ‘3’.

ಕೊಡುವ ಮನಸ್ಸೇ ಇಲ್ಲದಿದ್ದರೆ ಕೊಡುವ ನಾಟಕವಾದರೂ ಯಾಕೆ? ಲೀಗಿನ ನಿಯಮ. ಟ್ರೇಡ್‌ನಲ್ಲಿ ಎರಡೂ ಕಡೆಯವರು ಏನಾದರೊಂದು ಕೊಡಲೇಬೇಕು, ಬರಿಗೈ ಬೀಸಿಕೊಂಡು ಹೋಗುವಂತಿಲ್ಲ. ಎಷ್ಟು ಸಂಸ್ಕಾರವಂತರು ನೋಡಿ, ನಮ್ಮಲ್ಲಿ ಹೆಂಗಸರು ಅರಿಶಿನ ಕುಂಕುಮಕ್ಕೆ ಕರೆದವರನ್ನು ಬರಿಗೈಲಿ ಕಳಿಸುವುದಿಲ್ಲ ತಾನೇ, ಹಾಗೆ. ಮನೆಯಿಂದ ಮನೆಗೆ ಸುತ್ತಿ ಕೊನೆಗೆ ಕೊಟ್ಟವರ ಬೀರುವಿಗೇ ವಾಪಸು ಬರುವ ರವಿಕೆ ಕಣ ಇರುತ್ತದಲ್ಲ, ಇವರ ಬಳಿಯೂ ಅಂಥ ದಾಸ್ತಾನಿದೆ. ಯುರೋಪಿನಲ್ಲಿ ಆಡುವ, ಅಮೆರಿಕಕ್ಕೆ ಎಂದೂ ಬಾರದ ಆಟಗಾರರ ‘ಡ್ರಾಫ್ಟ್ ಹಕ್ಕು’. ಸ್ಪೇನಿನ ಸೆರ್ಹಿಯೊ ಯುಲ್‌ನನ್ನು 2009ರಲ್ಲಿ ಡೆನ್ವರ್ 34ನೆಯವನಾಗಿ ಆರಿಸಿತು. ಆ ಹಕ್ಕನ್ನು ಹ್ಯೂಸ್ಟನ್ 22.5 ಲಕ್ಷ ಡಾಲರ್ ಸುರಿದು ಕೊಂಡಿತು. ಆತ ರಿಯಲ್ ಮ್ಯಾಡ್ರಿಡ್ ಬಿಟ್ಟು ಕದಲಲಿಲ್ಲ. ಆಟ ನಿಲ್ಲಿಸಿ ಮನೆ ಸೇರಿದವರ ಹಕ್ಕೂ ತಂಡದಿಂದ ತಂಡಕ್ಕೆ ಕೈ ಬದಲಾಯಿಸಿದ್ದುಂಟು. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ನಾವು ಚಿಕ್ಕವರನ್ನು ಆಟಕ್ಕೆ ಸೇರಿಸಿಕೊಳ್ಳುತ್ತಿದ್ದೆವು. ಇವರು ಗಾದೆಯನ್ನೇ ತಲೆಕೆಳಗು ಮಾಡಿದ್ದಾರೆ.

ತಂಡವೊಂದು ಆಟಗಾರರಿಗೆ ಕೊಡುವ ಒಟ್ಟು ಸಂಬಳದ ಮಿತಿಯಾದ ಸ್ಯಾಲರಿ ಕ್ಯಾಪ್ ಎಂಬುದನ್ನು ಸಂಬಳದ ಟೋಪಿ ಎಂದು ಅನುವಾದಿಸಿದರೆ ಅರ್ಥ ತಾನಾಗಿಯೇ ಹೊಳೆಯುತ್ತದೆ. ಯಾರು ಯಾರಿಗೆ ಹಾಕಿದ್ದು ಎಂಬುದಷ್ಟೇ ಪ್ರಶ್ನೆ. 2025-26ಕ್ಕೆ ಟೋಪಿಯ ಅಳತೆ ಸುಮಾರು 15.46 ಕೋಟಿ ಡಾಲರ್. ಅದನ್ನು ದಾಟಬಹುದು. ದಾಟಿ ಇನ್ನೊಂದಷ್ಟು ಮೇಲೆ ಹೋದರೆ ಲಕ್ಷುರಿ ಟ್ಯಾಕ್ಸ್ ಎಂಬ ದಂಡ, ಇನ್ನೂ ಮೇಲೆ ಹೋದರೆ ಮೊದಲ ಏಪ್ರನ್ ಎಂಬ ನಿರ್ಬಂಧದ ಗೆರೆ, 20.78 ಕೋಟಿ ದಾಟಿದರೆ ಎರಡನೇ ಏಪ್ರನ್. ಟೋಪಿಯ ಮೇಲೆ ಏಪ್ರನ್ ಕಟ್ಟಿಕೊಳ್ಳುವ ಈ ವೇಷ ಮದುವೆಮನೆ ಅಡುಗೆಭಟ್ಟರಿಗೂ ಹೊಳೆದಿರಲಿಲ್ಲ. ಎರಡನೆಯದನ್ನು ದಾಟಿದವರು ಟ್ರೇಡ್‌ನಲ್ಲಿ ನಗದು ಕೊಡುವಂತಿಲ್ಲ, ಇಬ್ಬರ ಸಂಬಳ ಕೂಡಿಸಿ ಒಬ್ಬ ದೊಡ್ಡವನನ್ನು ತರುವಂತಿಲ್ಲ.

ಇಲ್ಲಿಯೇ ನೋಡಿ ನಮ್ಮ ಐವತ್ತು ಚಿಲ್ಲರೆ ನಂಬರಿನ ಹುಡುಗನಿಗೆ ಬೆಲೆ ಬರುವುದು. ಡ್ರಾಫ್ಟ್ ಆಗದ ಹೊಸಬನನ್ನು ಕನಿಷ್ಠ ಸಂಬಳಕ್ಕೆ ಕರೆತಂದರೂ ಟ್ಯಾಕ್ಸ್ ಲೆಕ್ಕದಲ್ಲಿ ಅವನನ್ನು ಎರಡು ವರ್ಷ ಅನುಭವದವನ ದರಕ್ಕೆ ಹಿಡಿಯುತ್ತಾರೆ, 2025-26ರಲ್ಲಿ ಸುಮಾರು 23 ಲಕ್ಷ ಡಾಲರ್. ತಾವೇ ಡ್ರಾಫ್ಟ್ ಮಾಡಿದ ಹುಡುಗನಾದರೆ ಅವನ ನಿಜವಾದ ಸಂಬಳವೇ ಲೆಕ್ಕ, ಕನಿಷ್ಠ ದರದಲ್ಲಿ ಸುಮಾರು 12.7 ಲಕ್ಷ. ಅವನು ಬಾಲ್ ಬುಟ್ಟಿಗೆ ಹಾಕುತ್ತಾನೋ ಬಿಡುತ್ತಾನೋ, ಬೆಂಚಿನ ಮೇಲೆ ಟವೆಲ್ ಬೀಸುತ್ತ ಹತ್ತು ಲಕ್ಷ ಡಾಲರ್ ಉಳಿಸುತ್ತಾನೆ. ತಂಡದ ಅಕೌಂಟೆಂಟ್ ದೃಷ್ಟಿಯಲ್ಲಿ ಅವನೇ ಆ ಸೀಸನ್ನಿನ ಎಂವಿಪಿ, ಅತ್ಯಮೂಲ್ಯ ಆಟಗಾರ.

ಬೋಸ್ಟನ್ ಕತೆ ಹೇಳದೆ ಮುಂದೆ ಹೋಗುವುದು ಅನ್ಯಾಯ. 2024ರ ಚಾಂಪಿಯನ್. 2025ರಲ್ಲಿ 610 ಕೋಟಿ ಡಾಲರಿಗೆ ಮಾಲೀಕತ್ವ ಕೈ ಬದಲಾಯಿಸಿತು. ಅದೇ ಬೇಸಿಗೆಯಲ್ಲಿ, ಪಾಪ, ಏಪ್ರನ್ ಬಿಗಿಯಾಗುತ್ತಿದೆ ಎಂದು ತಂಡದ ಆಟಗಾರರಲ್ಲಿ ಜ್ರೂ ಹಾಲಿಡೇ ಪೋರ್ಟ್‌ಲ್ಯಾಂಡಿಗೆ, ಪೋರ್ಜಿಂಗಿಸ್ ಅಟ್ಲಾಂಟಾಕ್ಕೆ. ಪೋರ್ಜಿಂಗಿಸ್ ಬದಲಿಗೆ ಬಂದ ಜಾರ್ಜಸ್ ನಿಯಾಂಗ್ ಪೆಟ್ಟಿಗೆ ಬಿಚ್ಚುವ ಮೊದಲೇ ಯೂಟಾಕ್ಕೆ. ಅವನನ್ನು ಕರೆದುಕೊಂಡು ಹೋಗಿ ಎಂದು ಜೊತೆಗೆ ಎರಡು ಸೆಕೆಂಡ್ ರೌಂಡ್ ಪಿಕ್. ಈ ನಿಯಾಂಗ್ ತಾನೇ 2016ರಲ್ಲಿ 50ನೇ ಪಿಕ್ ಆಗಿ ಬಂದವನು. ಒಬ್ಬ ಎರಡನೇ ಸುತ್ತಿನವನನ್ನು ಸಾಗಹಾಕಲು ಇನ್ನೂ ಹೆಸರೇ ಗೊತ್ತಿಲ್ಲದ ಇಬ್ಬರು ಎರಡನೇ ಸುತ್ತಿನವರು. ಹಳೆ ಪೇಪರ್ ಒಯ್ಯುವವನಾದರೂ ನಮಗೇ ನಾಲ್ಕು ಕಾಸು ಕೊಟ್ಟು ಒಯ್ಯುತ್ತಾನಪ್ಪ.

ಸ್ಯಾನ್ ಹೊಸೆಯಲ್ಲಿರುವ ನನ್ನ ಭಾವಮೈದುನನಿಗೆ ಈ ಮಾತು ಸೇರುವುದಿಲ್ಲ. “ಭಾವ, ಜೋಕಿಚ್‌ನಂಥ ದೊಡ್ಡ ಸ್ಟಾರೇ 41ನೇ ಪಿಕ್ಕು, ಮರೆತ್ರಾ?” ಎಂದು ಶುರು ಮಾಡುತ್ತಾನೆ. ಮರೆಯುವುದು ಹೇಗೆ? 2014ರಲ್ಲಿ ಆ ಹೆಸರು ಬಂದಾಗ ಟಿವಿಯಲ್ಲಿ ಟಾಕೊ ಬೆಲ್ ಜಾಹೀರಾತು ಓಡುತ್ತಿತ್ತು ಎಂಬುದನ್ನು ಅವನು ಪ್ರತಿ ಗೌರಿ ಹಬ್ಬಕ್ಕೂ ಫೋನ್ ಮಾಡಿ ನೆನಪಿಸುತ್ತಾನೆ. ಲಾಟರಿ ಅಂಗಡಿಯವನೂ ಗೆದ್ದವನ ಫೋಟೋ ಒಂದನ್ನೇ ನೇತುಹಾಕುವುದು. ಅಲ್ಲದೆ 41 ಎಂದರೆ ಟಾಪ್-55ರೊಳಗೇ ಬಂತಲ್ಲ ಮಾರಾಯ. ಟಿಕೆಟ್ ಹಿಂದೆ ಬರೆದುಕೊಟ್ಟ ಲೆಕ್ಕದಲ್ಲಿ ಜೋಕಿಚ್ ನಿನಗೆ ಸಿಗುತ್ತಲೇ ಇರಲಿಲ್ಲ. 2021ರಲ್ಲಿ 55ನೆಯವನಾಗಿ ಬಂದು 2025ರಲ್ಲಿ ಒಕ್ಲಹೋಮಾ ಜೊತೆ ಚಾಂಪಿಯನ್ ಆದ ಆರನ್ ವಿಗಿನ್ಸ್ ಕೂಡ ಸಿಗುತ್ತಿರಲಿಲ್ಲ.

55 ಎಂದ ಕೂಡಲೇ ನಿಮಗೆಲ್ಲ ನೆನಪಾಗುವುದು ಲೇಕರ್ಸ್ ತಂಡದ ದಿಗ್ಗಜ ಲೆಬ್ರಾನ್ ಜೇಮ್ಸ್‌ನ ಮಗ ಬ್ರಾನಿ ಜೇಮ್ಸ್. 2024ರಲ್ಲಿ ಲೇಕರ್ಸ್ ಅವನನ್ನು 55ನೆಯವನಾಗಿ ಆರಿಸಿ, ನಾಲ್ಕು ವರ್ಷಕ್ಕೆ 79 ಲಕ್ಷ ಡಾಲರ್ ಬರೆದುಕೊಟ್ಟದ್ದಕ್ಕೆ ಜಗತ್ತು ಎದೆ ಬಡಿದುಕೊಂಡಿತು. ಬೇರೆ ತಂಡ ಆರಿಸಿದರೆ ಹುಡುಗ ಆಸ್ಟ್ರೇಲಿಯಾಕ್ಕೆ ಹೋಗುತ್ತಾನೆ ಎಂದು ಏಜೆಂಟ್ ಎಲ್ಲರಿಗೂ ಫೋನ್ ಮಾಡುತ್ತಿದ್ದಾನೆಂದು ಟಿವಿ ವಿಶ್ಲೇಷಕ ಬಾಬ್ ಮೈಯರ್ಸ್ ನೇರಪ್ರಸಾರದಲ್ಲೇ ಹೇಳಿದರು. ನನಗೆ ಆ ಹುಡುಗನ ಮೇಲೆ ಸಿಟ್ಟಿಲ್ಲ. ಕಾಲೇಜಿನ ಮೊದಲ ಬೇಸಿಗೆಯಲ್ಲೇ ಅಭ್ಯಾಸದ ನಡುವೆ ಹೃದಯ ನಿಂತು, ಬದುಕಿ, ಮತ್ತೆ ಆಡಲು ಬಂದವನು. ಅಪ್ಪ ಮಗನಿಗೆ ಸೀಟು ಹಿಡಿದದ್ದನ್ನು ಕಂಡು ನಾವು ಕನ್ನಡಿಗರು ಬೆರಗಾಗುವುದಕ್ಕೂ ಮುಖ ಬೇಕು. ಮಿಕ್ಕ ಹುಡುಗರಿಗೆ ಯಾವ ಊರಿಗೆ ಹೋಗುತ್ತೇವೆಂದು ಕೇಳುವ ಹಕ್ಕೂ ಇಲ್ಲ ಎಂಬುದು ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ, ಅಷ್ಟೇ.

ಲೀಗಿನ ನ್ಯಾಯಪೀಠವೂ ಇದೇ ಚಿಲ್ಲರೆಯಲ್ಲಿ ದಂಡ ಎಣಿಸುತ್ತದೆ. ಒಪ್ಪಂದದ ಮಾತು ಶುರು ಮಾಡಲು ಲೀಗ್ ಇಟ್ಟ ಮುಹೂರ್ತಕ್ಕೆ ಮೊದಲೇ ಆಟಗಾರ ಜೇಲನ್ ಬ್ರನ್ಸನ್ ಜೊತೆ ಮಾತುಕತೆ ಮುಗಿಸಿದ ನ್ಯೂಯಾರ್ಕ್, ಅವನಿಗೆ 10.4 ಕೋಟಿ ಡಾಲರಿನ ಒಪ್ಪಂದ ಕೊಟ್ಟಿತು. ಶಿಕ್ಷೆ? 2025ರ ಒಂದು ಸೆಕೆಂಡ್ ರೌಂಡ್ ಪಿಕ್. ಬ್ರನ್ಸನ್ ಬಂದ ಮೇಲೆ ತಂಡ 25 ವರ್ಷಗಳ ನಂತರ ಕಾನ್ಫರೆನ್ಸ್ ಫೈನಲ್ ಮುಟ್ಟಿತು. ಹೆಲ್ಮೆಟ್ ಇಲ್ಲದ ನನಗೆ ಟ್ರಾಫಿಕ್ ಪೊಲೀಸರು ಹಾಕಿದ ದಂಡ ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿದೆ. ಅಂದಹಾಗೆ ಬ್ರನ್ಸನ್ ಕೂಡ 33ನೇ ಪಿಕ್.

ನಗಿಸಲೆಂದೇ ಕೂತವನಿಗೆ ಇಲ್ಲಿಗೆ ಬಂದಾಗ ನಗು ನಿಂತುಹೋಯಿತು. ಹುಡುಗನನ್ನು ಎನ್‌ಬಿಎಗೂ ಕಿರಿಯ ಲೀಗಿಗೂ ನಡುವೆ ಓಡಾಡಿಸುವ ಟೂ-ವೇ ಕಾಂಟ್ರಾಕ್ಟ್ ಅಂತ ಒಂದಿದೆ. ಎರಡನೇ ಸುತ್ತಿನವರಲ್ಲಿ ಎಷ್ಟೋ ಜನಕ್ಕೆ ದಕ್ಕುವುದು ಅದು. ಹೊಸಬನ ಕನಿಷ್ಠ ಸಂಬಳದಲ್ಲಿ ಅರ್ಧ, ಸೀಸನ್ನಿಗೆ ಹೆಚ್ಚೆಂದರೆ 50 ಪಂದ್ಯ, ಮತ್ತು ಆ ಸಂಬಳ ಕ್ಯಾಪ್ ಲೆಕ್ಕಕ್ಕೇ ಬರುವುದಿಲ್ಲ. ಗಾದೆ ಈಗ ನೆಟ್ಟಗೆ ನಿಂತಿತು: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಆ ಅರ್ಧವೂ ನಮ್ಮ ರೂಪಾಯಿಯಲ್ಲಿ ಐದು ಕೋಟಿ ದಾಟುತ್ತದೆ, ಒಪ್ಪಿದೆ, ನನಗೆ ಕೊಟ್ಟರೆ ಇವತ್ತೇ ಬೆಂಚಿನ ಮೇಲೆ ಕೂರುತ್ತೇನೆ. ಆದರೆ ಹನ್ನೊಂದು ವರ್ಷದ ಟಿವಿ ಹಕ್ಕಿಗೆ ಸುಮಾರು 7,600 ಕೋಟಿ ಡಾಲರ್ ಎಣಿಸಿಕೊಂಡವರು ಇಪ್ಪತ್ತರ ಹುಡುಗನ ಕೂಲಿಯಲ್ಲಿ ಅರ್ಧ ಮುರಿದುಕೊಂಡು, ಅದಕ್ಕೆ ‘ಅವಕಾಶ’ ಎಂದು ಹೆಸರಿಡುತ್ತಾರಲ್ಲ, ಅದು ಸಹಿಸಲಾಗುವುದಿಲ್ಲ. ಹುಡುಗ ಕೈಗೆ ಬಂದರೂ ಚಿಲ್ಲರೆ, ಬಾರದಿದ್ದರೂ ಚಿಲ್ಲರೆ.

ನಾವೂ ಒಮ್ಮೆ ಆ ಟಿಕೆಟ್ಟಿನ ಬೆನ್ನಿಗೆ ಹತ್ತಿದ್ದೆವು. 2015ರ ಜೂನ್. ಮೊದಲ ಪಂಕ್ತಿಗೆ ಕಮಿಷನರ್ ಆಡಮ್ ಸಿಲ್ವರ್ ಖುದ್ದಾಗಿ ಬಡಿಸಿ ಒಳಗೆ ಹೋಗುತ್ತಾರೆ, ಎರಡನೇ ಪಂಕ್ತಿಗೆ ಸೌಟು ಹಿಡಿಯುವುದು ಉಪ ಕಮಿಷನರ್. ಆ ಎರಡನೇ ಪಂಕ್ತಿಯಲ್ಲಿ 52ನೇ ಎಲೆ, ಡಲ್ಲಾಸ್: ಸತ್ನಾಮ್ ಸಿಂಗ್, ಪಂಜಾಬಿನ ಬಲ್ಲೋ ಕೆ ಹಳ್ಳಿಯವನು, ಏಳು ಅಡಿ ಎರಡಂಗುಲ, ವಯಸ್ಸು 19. ಭಾರತದಲ್ಲಿ ಹುಟ್ಟಿ ಎನ್‌ಬಿಎಗೆ ಡ್ರಾಫ್ಟ್ ಆದ ಮೊದಲಿಗ. ಇಲ್ಲಿ ನಾವು ಹೆಮ್ಮೆಯಿಂದ ಬೀಗಿದ್ದೇ ಬೀಗಿದ್ದು. ಡಲ್ಲಾಸಿಗೆ ಬೇಕಾದದ್ದು ಅವನ ಎತ್ತರವೋ ಅವನ ಹಿಂದಿನ ನೂರಿಪ್ಪತ್ತು ಕೋಟಿ ಗಿರಾಕಿಗಳೋ ಎಂಬ ಅನುಮಾನ ನನ್ನದೊಬ್ಬನದೇ ಇರಬಹುದು. ಕಿರಿಯ ಲೀಗಿನ ಟೆಕ್ಸಸ್ ಲೆಜೆಂಡ್ಸ್ ತಂಡದಲ್ಲಿ ಆಡಿದ. ಎನ್‌ಬಿಎಯಲ್ಲಿ ಆಡಿದ ಪಂದ್ಯಗಳು: 0.

ಆಮೇಲೆ ಅವನು ಅಮೆರಿಕದಲ್ಲೇ ಎಇಡಬ್ಲ್ಯು ಕುಸ್ತಿ ಕಂಪನಿ ಸೇರಿದ. ಅಲ್ಲಿ ಯಾರು ಬೀಳಬೇಕು ಯಾರು ಏಳಬೇಕು ಎಂದು ಮೊದಲೇ ಬರೆದಿಟ್ಟಿರುತ್ತಾರೆ, ಆದರೆ ಅದು ನೋಡಲು ಬಂದವರಿಗೆಲ್ಲ ಗೊತ್ತಿರುತ್ತದೆ.