ರೋ-ಎ ಪ್ರೋಟೀನು ಕೋಶಸಂಧಿಗಳ ಶತ್ರುವಲ್ಲ: ಒಂದು ಸ್ಪಷ್ಟನೆ

‘ರೋ-ಎ ಎಂಬ ಸಂಕೇತವಾಹಕ ಪ್ರೋಟೀನು ಜೀವಕೋಶಗಳ ನಡುವಿನ ಸಂಧಿಗಳನ್ನು ಬಿಡಿಸುತ್ತದೆ, ಅದನ್ನು ತಡೆದಷ್ಟೂ ಸಂಧಿಗಳು ಗಟ್ಟಿಯಾಗುತ್ತವೆ’ ಎಂಬ ಹೇಳಿಕೆ ಹರಿದಾಡುತ್ತಿದ್ದು, ಅದು ಅರ್ಧಸತ್ಯವಾದ್ದರಿಂದಲೇ ಹೆಚ್ಚು ದಾರಿತಪ್ಪಿಸುವಂತಿದೆ.

ರಕ್ತನಾಳಗಳ ಒಳಪದರದಲ್ಲಿ, ರಕ್ತ ಹೆಪ್ಪುಗಟ್ಟಿಸುವ ಕಿಣ್ವವಾದ ಥ್ರಾಂಬಿನ್ ರೋ-ಎಯನ್ನು ಅತಿಯಾಗಿ ಪ್ರಚೋದಿಸಿದಾಗ ಕೋಶಗಳು ಸಂಕುಚಿಸಿ ನಡುವೆ ಬಿರುಕು ಮೂಡುವುದು ನಿಜ. ಆದರೆ ಚರ್ಮ, ಕರುಳು ಮುಂತಾದವುಗಳ ಹೊದಿಕೆಯಾದ ಎಪಿಥೀಲಿಯಲ್ ಕೋಶಗಳಲ್ಲಿ, ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದ ಸಿ3 ಕಿಣ್ವದಿಂದ ರೋ-ಎ ಸೇರಿದಂತೆ ರೋ ಪ್ರೋಟೀನುಗಳನ್ನು ನಿಷ್ಕ್ರಿಯಗೊಳಿಸಿದ ಪ್ರಯೋಗಗಳಲ್ಲಿ ಸಂಧಿಗಳು ಗಟ್ಟಿಯಾಗುವ ಬದಲು ಸಡಿಲಗೊಂಡವು. ಈ ಅಂಶವನ್ನು ಬಿಟ್ಟು ಮಾತನಾಡುವುದು ಓದುಗರಿಗೆ ಮಾಡುವ ಅನ್ಯಾಯ.

ಸಂಧಿ ರೂಪುಗೊಳ್ಳುವ ಕ್ರಮವನ್ನು ಗಮನಿಸಿದರೆ ಕಾರಣ ತಿಳಿಯುತ್ತದೆ. ಕ್ಯಾಲ್ಸಿಯಂ ಇದ್ದಾಗ ಅಕ್ಕಪಕ್ಕದ ಕೋಶಗಳ ಮೇಲ್ಮೈಯಲ್ಲಿರುವ, ಅಂಟಿನಂತೆ ವರ್ತಿಸುವ ಇ-ಕ್ಯಾಡ್ಹೆರಿನ್ ಅಣುಗಳು ಪರಸ್ಪರ ಹಿಡಿದುಕೊಳ್ಳುತ್ತವೆ. ಆಗ ರೋ-ಎಯ ಬಳಗದ್ದೇ ಆದ ರ‍್ಯಾಕ್-1 ಸಕ್ರಿಯಗೊಂಡು, ಆರ್ಪ್2/3 ಎಂಬ ಪ್ರೋಟೀನು ಸಂಕೀರ್ಣದ ಮೂಲಕ, ಕೋಶದ ಚೌಕಟ್ಟಾದ ಆಕ್ಟಿನ್ ಎಳೆಗಳು ಕವಲೊಡೆಯುವಂತೆ ಮಾಡಿ ಸಂಪರ್ಕದ ಅಂಚನ್ನು ಹಿಗ್ಗಿಸುತ್ತದೆ. ಅನಂತರ ರೋ-ಎ, ಆಕ್ಟಿನ್ ಎಳೆಗಳನ್ನು ಎಳೆಯುವ ಮಯೋಸಿನ್-2ರ ನೆರವಿನಿಂದ, ಅಲ್ಲಿ ಹದವಾದ ಬಿಗಿತವನ್ನು ತಂದು ಸಂಧಿಯನ್ನು ಬಲಪಡಿಸುತ್ತದೆ. ಈ ಪ್ರೋಟೀನುಗಳು ಎಲ್ಲಿ, ಎಷ್ಟು ಹೊತ್ತು ಕೆಲಸ ಮಾಡಬೇಕೆಂಬುದನ್ನು ಅವನ್ನು ಚಾಲನೆಗೊಳಿಸುವ ಜಿಇಎಫ್ ಹಾಗೂ ತಣಿಸುವ ಜಿಎಪಿ ಪ್ರೋಟೀನುಗಳು ನಿರ್ಧರಿಸುತ್ತವೆ. ಕ್ಯಾಡ್ಹೆರಿನ್‌ಗೆ ಅಂಟಿಕೊಂಡಿರುವ ಪಿ120-ಕ್ಯಾಟೆನಿನ್ ಎಂಬ ಪ್ರೋಟೀನು ಕೂಡ ಪಿ190 ಎಂಬ ಜಿಎಪಿಯನ್ನು ಅದೇ ತಾಣಕ್ಕೆ ಕರೆತಂದು ರೋ-ಎಯನ್ನು ಹತೋಟಿಯಲ್ಲಿಡುತ್ತದೆ.